ನೂರು ಸಾಲದಿದ್ದರೆ?

ಕರ್ನಾಟಕದ ಯಾವ ಎಂಜಿನಿಯರಿಂಗ್ ಕಾಲೇಜಿನ ಸಿ ಲ್ಯಾಬ್ ರೆಕಾರ್ಡ್ ತೆರೆದರೂ 100 ಎಂಬ ಅಂಕಿ ಕಣ್ಣಿಗೆ ಬೀಳುತ್ತದೆ. ವಿಂಗಡಿಸುವ ಪ್ರೋಗ್ರಾಂ ಇರಲಿ, ಹುಡುಕುವ ಪ್ರೋಗ್ರಾಂ ಇರಲಿ, ಮೊದಲ ನಾಲ್ಕೈದು ಸಾಲುಗಳೊಳಗೆ ನೂರು ಮನೆಗಳ ಒಂದು ಅರೇ ಇದ್ದೇ ಇರುತ್ತದೆ. "ಮೇಡಂ, ಸೈಜ್ ಎಷ್ಟು ಕೊಡ್ಲಿ?" ಎಂದು ಪ್ರತಿ ಬ್ಯಾಚಿನಲ್ಲೂ ಯಾರಾದರೊಬ್ಬರು ಕೇಳುತ್ತಿದ್ದರು. "ನೂರು ಹಾಕಪ್ಪ, ಸಾಕು" ಎನ್ನುವುದು ನನ್ನೊಬ್ಬಳ ಉತ್ತರವಲ್ಲ, ಇಡೀ ವಿಭಾಗದ ಉತ್ತರ. ಪರೀಕ್ಷಕರಾಗಿ ಬಂದವರು ಐದು ಸಂಖ್ಯೆ ಕೊಟ್ಟು ವಿಂಗಡಿಸಿ ತೋರಿಸು ಎನ್ನುತ್ತಿದ್ದರು. ಉಳಿದ ತೊಂಬತ್ತೈದು ಮನೆ ಖಾಲಿ ಬಿದ್ದಿರುತ್ತಿದ್ದವು, ಯಾರೂ ಅದರ ಬಗ್ಗೆ ಮಾತೆತ್ತುತ್ತಿರಲಿಲ್ಲ.

ಅದೇ ಹುಡುಗ ಹುಡುಗಿಯರು ಮುಂದಿನ ವರ್ಷ ಜಾವಾ ಕಲಿಯಲು ಕೂತರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಅರೇಲಿಸ್ಟ್ ಒಂದನ್ನು ಮಾಡಿಕೊಂಡು ಹಾಕುತ್ತಾ ಹೋದರಾಯಿತು. ಹತ್ತು ಹಾಕಿದರೂ ಹಿಡಿಯುತ್ತದೆ, ಹತ್ತು ಲಕ್ಷ ಹಾಕಿದರೂ ಹಿಡಿಯುತ್ತದೆ. ಆದರೆ ಕಂಪ್ಯೂಟರಿನ ಮೆಮೊರಿಯೇನೂ ಬದಲಾಗಿಲ್ಲ. ಅಲ್ಲಿ ರಬ್ಬರಿನಂತೆ ಹಿಗ್ಗುವ ಜಾಗ ಎಂಬುದು ಅಂದೂ ಇರಲಿಲ್ಲ, ಇಂದೂ ಇಲ್ಲ. ಎಷ್ಟು ಬೇಕು ಎಂದು ಮೊದಲೇ ಹೇಳಿ ಪಡೆಯುವ ಜಾಗ ಮಾತ್ರ ಇದೆ. ಹಾಗಾದರೆ ಆ ಪ್ರಶ್ನೆಗೆ ಈಗ ಉತ್ತರ ಹೇಳುತ್ತಿರುವವರು ಯಾರು? ಬೆಳೆಯುವ ಅರೇಯ ಚರಿತ್ರೆ ಎಂದರೆ, ನನ್ನ ಲೆಕ್ಕದಲ್ಲಿ, ಈ ಒಂದು ಪ್ರಶ್ನೆಯ ಹೊಣೆ ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ದಾಟಿದ ಚರಿತ್ರೆ.

ಮೊದಲು ಅದು ಪೂರ್ತಿಯಾಗಿ ಪ್ರೋಗ್ರಾಮರನ ಹೆಗಲ ಮೇಲಿತ್ತು. 1957ರಲ್ಲಿ ಜಾನ್ ಬ್ಯಾಕಸ್ ಮತ್ತು ಅವರ ತಂಡ ಐಬಿಎಂ 704 ಯಂತ್ರಕ್ಕಾಗಿ ಫೋರ್ಟ್ರಾನ್ ಕೊಟ್ಟಾಗ ಅದರಲ್ಲಿ ಡೈಮೆನ್ಷನ್ ಎಂಬ ಹೇಳಿಕೆ ಇತ್ತು. ಅರೇಯ ಹೆಸರು ಬರೆದು, ಆವರಣದಲ್ಲಿ ಸಂಖ್ಯೆ ಬರೆದರೆ ಕಂಪೈಲರ್ ಅಷ್ಟು ಜಾಗವನ್ನು ಕಾದಿರಿಸುತ್ತಿತ್ತು. ಪ್ರೋಗ್ರಾಂ ಓಡಲು ಶುರುವಾಗುವ ಮೊದಲೇ ಎಲ್ಲ ಅರೇಗಳ ವಿಳಾಸಗಳೂ ನಿಶ್ಚಯವಾಗಿರುತ್ತಿದ್ದವು. ಇದು ಸೋಮಾರಿತನದ ವಿನ್ಯಾಸವಲ್ಲ. ಅರೇಯ ಆರಂಭದ ವಿಳಾಸ ಗೊತ್ತು, ಒಂದೊಂದು ಮನೆಯ ಅಗಲ ಗೊತ್ತು. ಹೀಗಿದ್ದಾಗ ಐವತ್ತನೆಯ ಮನೆ ಎಲ್ಲಿದೆ ಎಂಬುದಕ್ಕೆ ಒಂದು ಗುಣಾಕಾರ, ಒಂದು ಸಂಕಲನ ಸಾಕು. ಐದನೆಯದಕ್ಕೂ ಅಷ್ಟೇ ಹೊತ್ತು, ಐದು ಸಾವಿರದನೆಯದಕ್ಕೂ ಅಷ್ಟೇ ಹೊತ್ತು. ಅರೇಯ ಶಕ್ತಿಯೆಲ್ಲ ಇಲ್ಲಿದೆ. ಮನೆಗಳು ಮೆಮೊರಿಯಲ್ಲಿ ಒಂದಕ್ಕೊಂದು ಅಂಟಿಕೊಂಡು ಸಾಲಾಗಿರಬೇಕು ಎಂಬುದೇ ಅದರ ಷರತ್ತು. ಆ ಷರತ್ತೇ ಅದರ ಕಷ್ಟವೂ ಹೌದು, ಏಕೆಂದರೆ ಸಾಲಿನ ಕೊನೆಯ ಮನೆಯ ಪಕ್ಕದಲ್ಲಿ ಈಗಾಗಲೇ ಬೇರೆ ಯಾರೋ ಇದ್ದಾರೆ.

ನಾನು ಬಿ.ಇ. ಓದುವಾಗ ಫೋರ್ಟ್ರಾನ್ ಕಲಿತದ್ದು ಪಂಚ್ ಕಾರ್ಡುಗಳ ಮೇಲೆ. ಆ ತಲೆಮಾರಿನ ಬಹುತೇಕರಂತೆ ನನಗೂ ಗುರು ಎಂದರೆ ವಿ. ರಾಜಾರಾಮನ್ ಅವರ ಪುಸ್ತಕ. ಐಐಟಿ ಕಾನ್ಪುರದಲ್ಲಿ ಪಾಠ ಮಾಡುತ್ತಿದ್ದ ರಾಜಾರಾಮನ್ ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಕಡಿಮೆ ಬೆಲೆಯ ಅವರ ಪುಸ್ತಕಗಳು ದೇಶದ ಮೂಲೆಮೂಲೆಯ ಕಾಲೇಜುಗಳಿಗೆ ತಲುಪಿದ್ದವು. ಅರೇ ಚಿಕ್ಕದಾಯಿತು ಎಂದರೆ ನಾವು ಮಾಡಬೇಕಾದ್ದು ಇಷ್ಟು: ಡೈಮೆನ್ಷನ್ ಇರುವ ಕಾರ್ಡನ್ನು ಕಟ್ಟಿನಿಂದ ತೆಗೆದು, ಹೊಸ ಕಾರ್ಡ್ ತೂತು ಹೊಡೆಸಿ ಸೇರಿಸಿ, ಮತ್ತೆ ಕಂಪ್ಯೂಟರ್ ಸೆಂಟರಿನ ಕಿಟಕಿಯಲ್ಲಿ ಕೊಟ್ಟು, ಪ್ರಿಂಟೌಟಿಗಾಗಿ ಕಾಯುವುದು. ಅರೇ ಚಿಕ್ಕದಾದದ್ದು ತಿಳಿದರೆ ಪುಣ್ಯ. ಎಷ್ಟೋ ಸಲ ನೂರೊಂದನೆಯ ಮನೆಗೆ ಬರೆದದ್ದು ಪಕ್ಕದ ಚರಾಕ್ಷರದ ಮೇಲೆ ಹೋಗಿ ಕೂರುತ್ತಿತ್ತು. ಯಂತ್ರ ಚಕಾರ ಎತ್ತುತ್ತಿರಲಿಲ್ಲ, ಉತ್ತರ ಮಾತ್ರ ತಪ್ಪು ಬರುತ್ತಿತ್ತು. ಹಾಗಾಗಿ ಎಲ್ಲರೂ ಧಾರಾಳವಾಗಿ ಅಂದಾಜು ಹಾಕುವುದನ್ನು ಕಲಿತೆವು. ನೂರರ ಅಭ್ಯಾಸ ಹುಟ್ಟಿದ್ದು ಅಲ್ಲಿ.

1960ರ ಜನವರಿಯಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಸಮಿತಿ ರೂಪಿಸಿದ ಆಲ್ಗಾಲ್ 60 ಹೊರೆಯನ್ನು ಸ್ವಲ್ಪ ಸರಿಸಿತು. ಅರೇಯ ಮಿತಿಯನ್ನು ಅಂಕಿಯಾಗಿಯೇ ಬರೆಯಬೇಕಿಲ್ಲ, ಎನ್ ಎಂಬ ಚರಾಕ್ಷರವಾಗಿ ಬರೆಯಬಹುದು. ಪ್ರೋಗ್ರಾಂ ಓಡುತ್ತಾ ಆ ಭಾಗಕ್ಕೆ ಬಂದಾಗ ಎನ್ ಎಷ್ಟಿದೆಯೋ ಅಷ್ಟು ಜಾಗ ಸಿಗುತ್ತದೆ. ಕಾರ್ಡ್ ಬದಲಿಸುವ ಕಾಟ ತಪ್ಪಿತು. ಆದರೆ ಒಮ್ಮೆ ಸಿಕ್ಕಿದ ಜಾಗ ಅಷ್ಟೇ, ಆಮೇಲೆ ಬೆಳೆಯುವಂತಿಲ್ಲ. ನಂತರ ಬಂದ ಆಲ್ಗಾಲ್ 68ರಲ್ಲಿ ಅಳತೆ ಬದಲಾಗಬಲ್ಲ ಅರೇ ಇತ್ತು. ಅದಕ್ಕೆ ಇನ್ನೊಂದು ಮನೆ ಸೇರಿಸಬೇಕಾದರೆ ದೊಡ್ಡದಾದ ಹೊಸ ಅರೇಯನ್ನು ಪ್ರೋಗ್ರಾಮರನೇ ಕಟ್ಟಿ ತಂದು ಕೊಡಬೇಕಿತ್ತು.

ಮಧ್ಯೆ ಒಮ್ಮೆ ಚರಿತ್ರೆ ಹಿಂದಕ್ಕೂ ನಡೆಯಿತು. ಜ್ಯೂರಿಕ್‌ನ ನಿಕ್ಲಾಸ್ ವಿರ್ತ್ 1970ರಲ್ಲಿ ಕೊಟ್ಟ ಪಾಸ್ಕಲ್, ಪಾಠ ಹೇಳುವವರಿಗೆ ಬಹಳ ಇಷ್ಟವಾದ ಭಾಷೆ. ನಾನು ಮೊದಲು ಕಲಿಸಿದ್ದೂ ಅದನ್ನೇ. ಆದರೆ ಪಾಸ್ಕಲ್‌ನಲ್ಲಿ ಅರೇಯ ಅಳತೆ ಅದರ ಜಾತಿಯ ಭಾಗ. ಹತ್ತು ಮನೆಯ ಅರೇ ಒಂದು ಜಾತಿ, ಇಪ್ಪತ್ತು ಮನೆಯದು ಇನ್ನೊಂದು. ಹತ್ತರದಕ್ಕೆಂದು ಬರೆದ ವಿಂಗಡಣೆಯ ವಿಧಾನಕ್ಕೆ ಇಪ್ಪತ್ತರದನ್ನು ಕೊಟ್ಟರೆ ಕಂಪೈಲರ್ ಒಪ್ಪುವುದಿಲ್ಲ. ಬೆಲ್ ಲ್ಯಾಬ್ಸ್‌ನ ಬ್ರಯಾನ್ ಕೆರ್ನಿಘನ್ 1981ರಲ್ಲಿ ಪಾಸ್ಕಲ್ ತನಗೇಕೆ ಒಗ್ಗದು ಎಂದು ಒಂದು ಲೇಖನವನ್ನೇ ಬರೆದರು. ಅದರಲ್ಲಿದ್ದ ದೊಡ್ಡ ದೂರುಗಳಲ್ಲಿ ಇದೊಂದು. ಬೋರ್ಡಿನ ಮೇಲೆ ಇದನ್ನು ವಿವರಿಸುವಾಗ ವಿದ್ಯಾರ್ಥಿಗಳು ನನ್ನನ್ನೇ ಅಪರಾಧಿ ಎಂಬಂತೆ ನೋಡುತ್ತಿದ್ದರು.

ಸಾಲೇ ಬೇಡ ಎನ್ನುವ ಇನ್ನೊಂದು ದಾರಿ ಅಷ್ಟರಲ್ಲಾಗಲೇ ಇತ್ತು. 1956ರ ಸುಮಾರಿಗೆ ಅಮೆರಿಕದಲ್ಲಿ ಅಲನ್ ನ್ಯೂವೆಲ್, ಕ್ಲಿಫ್ ಶಾ, ಹರ್ಬರ್ಟ್ ಸೈಮನ್ ಮೂವರೂ ತರ್ಕದ ಪ್ರಮೇಯಗಳನ್ನು ಸಾಧಿಸುವ ಪ್ರೋಗ್ರಾಂ ಕಟ್ಟುತ್ತಿದ್ದರು. ಎಷ್ಟು ಹೆಜ್ಜೆ ಬೇಕಾದೀತು ಎಂದು ಅವರಿಗೆ ಮುಂಚಿತವಾಗಿ ಹೇಳಲು ಸಾಧ್ಯವೇ ಇರಲಿಲ್ಲ. ಅದಕ್ಕಾಗಿ ಅವರು ಲಿಂಕ್ಡ್ ಲಿಸ್ಟ್ ಬಳಸಿದರು. ಜಾನ್ ಮೆಕಾರ್ಥಿ 1958ರಲ್ಲಿ ಶುರುಮಾಡಿದ ಲಿಸ್ಪ್ ಭಾಷೆ ಅದರ ಮೇಲೆಯೇ ನಿಂತಿತು. ಅಡಿಕೆ ಮಂಡಿಯಲ್ಲಿ ಗುಮಾಸ್ತರಾಗಿದ್ದ ನಮ್ಮ ತಂದೆಯ ಖಾತೆ ಪುಸ್ತಕ ನೋಡಿ ಬೆಳೆದ ನನಗೆ ಇದು ಸಲೀಸಾಗಿ ಅರ್ಥವಾಯಿತು. ಒಬ್ಬ ಬೆಳೆಗಾರರ ಖಾತೆಗೆ ಬಿಟ್ಟ ಪುಟ ತುಂಬಿದರೆ ಅಪ್ಪ ಅಡಿಯಲ್ಲಿ "ಮುಂದಕ್ಕೆ ಪುಟ 212" ಎಂದು ಬರೆದು, ಪುಸ್ತಕದ ಹಿಂಭಾಗದ ಖಾಲಿ ಹಾಳೆಯಲ್ಲಿ ಮುಂದುವರಿಸುತ್ತಿದ್ದರು. ಲಿಂಕ್ಡ್ ಲಿಸ್ಟಿನ ಪ್ರತಿ ಮನೆಯ ಅಡಿಯಲ್ಲೂ ಹೀಗೊಂದು ಬರಹ ಇರುತ್ತದೆ. ಜಾಗಕ್ಕೆ ಬರವಿಲ್ಲ. ಆದರೆ ಐವತ್ತನೆಯ ನಮೂದು ಬೇಕೆಂದರೆ ಮೊದಲಿನಿಂದ ಪುಟ ತಿರುವುತ್ತಾ ಹೋಗಬೇಕು. ನೇರ ಜಿಗಿತ ಇಲ್ಲ. ಇದಕ್ಕೆ ಬದಲಾಗಿ ದೊಡ್ಡ ಪುಸ್ತಕ ತಂದು ಆ ಖಾತೆಯನ್ನು ಮೊದಲ ಸಾಲಿನಿಂದ ನಕಲು ಮಾಡಿಕೊಳ್ಳುವುದು ಇನ್ನೊಂದು ಉಪಾಯ. ಶ್ರಮ ಜಾಸ್ತಿ, ಆದರೆ ಆಮೇಲೆ ಎಲ್ಲವೂ ಒಂದೇ ಕಡೆ. ಅರೇಲಿಸ್ಟ್ ಹಿಡಿದದ್ದು ಈ ಎರಡನೆಯ ದಾರಿ.

ನಕಲು ಮಾಡುವಾಗ ಎಷ್ಟು ಹೆಚ್ಚುವರಿ ಜಾಗ ಬಿಡಬೇಕು? ಇದಕ್ಕೆ ಹತ್ತಿರದ ಒಂದು ಪ್ರಶ್ನೆಯನ್ನು ಬಹಳ ಹಿಂದೆಯೇ ಕೈಗೆತ್ತಿಕೊಂಡವರು ನಾರ್ವೆಯ ಯಾನ್ ಗಾರ್ವಿಕ್. 1964ರ ಅವರ ಪ್ರಬಂಧದ ವಿಷಯ ಕಂಪೈಲರಿನೊಳಗಿನ ಕೋಷ್ಟಕಗಳು. ಒಂದೇ ಮೆಮೊರಿಯನ್ನು ಹಲವು ಕೋಷ್ಟಕಗಳು ಹಂಚಿಕೊಂಡಿವೆ; ಯಾವುದು ಎಷ್ಟು ಬೆಳೆಯುತ್ತದೋ ತಿಳಿಯದು. ಒಂದು ತುಂಬಿದಾಗ ಎಲ್ಲವನ್ನೂ ಸರಿಸಿ, ಉಳಿದ ಜಾಗವನ್ನು ಹೊಸದಾಗಿ ಹಂಚಬೇಕು. ಡೊನಾಲ್ಡ್ ಕ್ನೂತ್ ತಮ್ಮ ಮಹಾಗ್ರಂಥದ ಮೊದಲ ಸಂಪುಟದಲ್ಲಿ ಗಾರ್ವಿಕ್ ವಿಧಾನವನ್ನು ವಿವರಿಸುವಾಗ ಹಂಚಿಕೆಯ ಲೆಕ್ಕವನ್ನೂ ಕೊಡುತ್ತಾರೆ: ಉಳಿದ ಜಾಗದಲ್ಲಿ ಸುಮಾರು ಶೇ. 10 ಎಲ್ಲರಿಗೂ ಸಮಪಾಲು, ಮಿಕ್ಕ ಶೇ. 90 ಕಳೆದ ಹಂಚಿಕೆಯ ನಂತರ ಯಾರು ಎಷ್ಟು ಬೆಳೆದರೋ ಅದಕ್ಕೆ ತಕ್ಕಂತೆ. ಈವರೆಗೆ ಬೆಳೆದದ್ದು ಮುಂದೆಯೂ ಬೆಳೆಯುತ್ತದೆ ಎಂಬ ನಂಬಿಕೆ ಇದರ ಹಿಂದಿದೆ. ಇಂದಿನ ಅರೇಲಿಸ್ಟ್ ನಡೆಯುವುದೂ ಇದೇ ನಂಬಿಕೆಯ ಮೇಲೆ.

ಅರೇಲಿಸ್ಟ್ ಒಂದು ಆಬ್ಜೆಕ್ಟ್, ಅಂದರೆ ದತ್ತಾಂಶವನ್ನೂ ಅದರ ಮೇಲಿನ ಕೆಲಸಗಳನ್ನೂ ಒಟ್ಟಿಗೆ ಕಟ್ಟಿದ ಗಂಟು. ಆಬ್ಜೆಕ್ಟ್‌ಗಳ ಕಥೆ ಶುರುವಾಗುವುದೂ ನಾರ್ವೆಯಲ್ಲೇ. ಗಾರ್ವಿಕ್ ಅವರ ಕೈಕೆಳಗೆ ನಾರ್ವೆಯ ರಕ್ಷಣಾ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಕಲಿತ ಊಲೆ-ಯೋಹಾನ್ ಡಾಲ್, ಕ್ರಿಸ್ಟನ್ ನ್ಯೂಗಾರ್ಡ್ ಜೊತೆಗೂಡಿ ಆಸ್ಲೋದಲ್ಲಿ ಸಿಮ್ಯುಲಾ 67 ರೂಪಿಸಿದರು. ಕ್ಲಾಸ್, ಆಬ್ಜೆಕ್ಟ್, ಇನ್ಹೆರಿಟೆನ್ಸ್ ಎಲ್ಲದರ ತವರು ಅದು. ಅದನ್ನು ನೋಡಿ ಪ್ರೇರಣೆ ಪಡೆದ ಅಲನ್ ಕೇ, ಡಾನ್ ಇಂಗಲ್ಸ್, ಅಡೆಲ್ ಗೋಲ್ಡ್‌ಬರ್ಗ್ ಮೊದಲಾದವರು ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಸಂಶೋಧನಾಲಯದಲ್ಲಿ ಸ್ಮಾಲ್‌ಟಾಕ್ ಕಟ್ಟಿದರು. ಸ್ಮಾಲ್‌ಟಾಕ್-80ರಲ್ಲಿ ಆರ್ಡರ್ಡ್‌ಕಲೆಕ್ಷನ್ ಎಂಬ ಕ್ಲಾಸ್ ಇತ್ತು. ಮುಂದೆ ಬಂದ ಅರೇಲಿಸ್ಟ್‌ಗಳ ಹಿರಿಯಕ್ಕ ಎಂದರೆ ಅದೇ. ಹಾಕು ಎಂದರೆ ಹಾಕಿಕೊಳ್ಳುತ್ತದೆ, ಸಾಲದಿದ್ದರೆ ತಾನೇ ಬೆಳೆಯುತ್ತದೆ.

ಅದು ಬೆಳೆಯುತ್ತಿದ್ದ ರೀತಿ ಒಂದು ಇಂದ್ರಜಾಲ. ತನಗಿಂತ ದೊಡ್ಡದಾದ ಹೊಸ ಆಬ್ಜೆಕ್ಟ್ ಒಂದನ್ನು ಸೃಷ್ಟಿಸಿ, ತನ್ನಲ್ಲಿದ್ದುದನ್ನೆಲ್ಲ ಅದಕ್ಕೆ ನಕಲು ಮಾಡಿ, ಕೊನೆಗೆ ಬಿಕಮ್ ಎಂಬ ಸಂದೇಶ ಕಳಿಸುತ್ತಿತ್ತು. ಆ ಕ್ಷಣಕ್ಕೆ ಇಬ್ಬರ ಗುರುತೂ ಅದಲುಬದಲಾಗುತ್ತಿತ್ತು. ಹಳೆಯದನ್ನು ಹಿಡಿದುಕೊಂಡಿದ್ದ ಪ್ರೋಗ್ರಾಮಿನ ಎಲ್ಲ ಭಾಗಗಳೂ, ಗೊತ್ತೇ ಆಗದಂತೆ, ಹೊಸದನ್ನು ಹಿಡಿದುಕೊಂಡಿರುತ್ತಿದ್ದವು. ಸ್ಮಾಲ್‌ಟಾಕ್-80ರಲ್ಲಿ ಪ್ರತಿ ಆಬ್ಜೆಕ್ಟಿನ ವಿಳಾಸವೂ ಒಂದು ಕೋಷ್ಟಕದ ಮೂಲಕವೇ ಸಿಗುತ್ತಿದ್ದರಿಂದ ಇದು ಅಗ್ಗದ ಕೆಲಸ. ಕೋಷ್ಟಕದ ಎರಡು ನಮೂದು ಬದಲಿಸಿದರೆ ಮುಗಿಯಿತು. ಆ ಕೋಷ್ಟಕವನ್ನು ಕೈಬಿಟ್ಟ ನಂತರದ ಸ್ಮಾಲ್‌ಟಾಕ್‌ಗಳಲ್ಲಿ ಗುರುತು ಬದಲಿಸುವುದು ದುಬಾರಿಯಾಯಿತು. ಸ್ಕ್ವೀಕ್‌ನಂಥವುಗಳಲ್ಲಿ ಇನ್ನೊಂದು ಸರಳ ಏರ್ಪಾಡು ಬಂತು: ಹೊರಗೊಂದು ಆಬ್ಜೆಕ್ಟ್, ಅದರ ಹೊಟ್ಟೆಯೊಳಗೊಂದು ಅರೇ. ಹೊರಗಿನದು ಕದಲುವುದಿಲ್ಲ. ಒಳಗಿನ ಅರೇ ತುಂಬಿದಾಗ ಅದನ್ನು ಎಸೆದು ದೊಡ್ಡದನ್ನು ಇಟ್ಟುಕೊಳ್ಳುತ್ತದೆ. ಜಾವಾದ ಅರೇಲಿಸ್ಟ್ ಆಗಲಿ, ಸಿ-ಶಾರ್ಪ್‌ನ ಲಿಸ್ಟ್ ಆಗಲಿ, ಪೈಥಾನಿನ ಲಿಸ್ಟ್ ಆಗಲಿ ಇದೇ ಏರ್ಪಾಡಿನವು.

ಸಿ ಭಾಷೆಗೆ ಇಂಥ ಹೊರಕವಚ ಇರಲಿಲ್ಲ. 1979ರ ಯುನಿಕ್ಸ್ ಏಳನೆಯ ಆವೃತ್ತಿಯಲ್ಲಿ ರೀಅಲಾಕ್ ಎಂಬ ಫಂಕ್ಷನ್ ಸಿಗುತ್ತಿತ್ತು. ಇರುವ ಜಾಗವನ್ನು ಹಿಗ್ಗಿಸಿಕೊಡು ಎಂದು ಕೇಳಿದರೆ, ಪಕ್ಕದಲ್ಲಿ ಖಾಲಿ ಇದ್ದರೆ ಅಲ್ಲೇ ಹಿಗ್ಗಿಸುತ್ತದೆ, ಇಲ್ಲವಾದರೆ ಬೇರೆಡೆ ದೊಡ್ಡ ಜಾಗ ಹಿಡಿದು ನಕಲು ಮಾಡಿ ಹೊಸ ವಿಳಾಸ ಹೇಳುತ್ತದೆ. ಹಳೆಯ ವಿಳಾಸವನ್ನು ಇನ್ನೆಲ್ಲಾದರೂ ಬರೆದಿಟ್ಟುಕೊಂಡಿದ್ದರೆ ಅದನ್ನು ತಿದ್ದುವುದು ಪ್ರೋಗ್ರಾಮರನ ಪಾಡು. ಎಷ್ಟು ಹಿಗ್ಗಿಸಬೇಕು ಎಂಬುದೂ ಅವನ ಪಾಡೇ. ಇದೆಲ್ಲ ತಲೆನೋವು ಬೇಡವೆಂದೇ ನಮ್ಮ ಲ್ಯಾಬುಗಳಲ್ಲಿ ನೂರರ ಅರೇ ಗಟ್ಟಿಯಾಗಿ ಕೂತದ್ದು.

ಸಿ++ನಲ್ಲಿ ಆ ಹೊರೆ ಇಳಿಸಿದವರು ಮಾಸ್ಕೋದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ಅಲೆಕ್ಸಾಂಡರ್ ಸ್ಟೆಪನೋವ್. ಹ್ಯೂಲೆಟ್-ಪ್ಯಾಕರ್ಡ್ ಪ್ರಯೋಗಾಲಯದಲ್ಲಿ ಮೆಂಗ್ ಲೀ ಜೊತೆ ಅವರು ಕಟ್ಟಿದ ಸ್ಟ್ಯಾಂಡರ್ಡ್ ಟೆಂಪ್ಲೇಟ್ ಲೈಬ್ರರಿಯನ್ನು 1994ರಲ್ಲಿ ಸಿ++ ಸಮಿತಿ ಒಪ್ಪಿಕೊಂಡಿತು. ಅದರ ವೆಕ್ಟರ್ ಬೆಳೆಯುವ ಅರೇ. ಸ್ಟೆಪನೋವ್ ಒಂದು ವಿಷಯದಲ್ಲಿ ಪಟ್ಟು ಹಿಡಿದಿದ್ದರು: ಏನು ಮಾಡುತ್ತದೆ ಎಂದು ಹೇಳಿದರೆ ಸಾಲದು, ಎಷ್ಟು ಶ್ರಮದಲ್ಲಿ ಮಾಡುತ್ತದೆ ಎಂಬುದೂ ಭಾಷೆಯ ಕರಾರಿನಲ್ಲಿ ಇರಬೇಕು. ಹಾಗಾಗಿ ವೆಕ್ಟರಿನ ಕೊನೆಗೆ ಒಂದನ್ನು ಸೇರಿಸುವ ವೆಚ್ಚ ಸರಾಸರಿಯಲ್ಲಿ ಸ್ಥಿರವಾಗಿರಬೇಕು ಎಂದು ಮಾನಕದಲ್ಲೇ ಬರೆದಿದೆ. ಆ ಸರಾಸರಿಗೆ ಗಣಿತದ ಬಲ ಒದಗಿಸಿದ್ದು ರಾಬರ್ಟ್ ಟಾರ್ಜನ್. 1985ರ ಪ್ರಬಂಧವೊಂದರಲ್ಲಿ ಅವರು, ಅಪರೂಪಕ್ಕೊಮ್ಮೆ ಬರುವ ದೊಡ್ಡ ಖರ್ಚನ್ನು ಪದೇಪದೇ ನಡೆಯುವ ಸಣ್ಣ ಕೆಲಸಗಳ ಮೇಲೆ ಹಂಚಿ ನೋಡುವ ಲೆಕ್ಕಕ್ಕೆ ಒಂದು ಶಿಸ್ತು ತಂದರು. ಪ್ರತಿ ಸಣ್ಣ ಕೆಲಸವೂ ಒಂದಿಷ್ಟು ಮುಂಗಡ ಜಮೆ ಮಾಡುತ್ತದೆ, ನಕಲಿನ ದಿನ ಬಂದಾಗ ಆ ಜಮೆಯಿಂದ ಖರ್ಚು ತೀರುತ್ತದೆ.

ಈಗ ಜಾವಾ. 1996ರಲ್ಲಿ ಹೊರಬಂದ ಮೊದಲ ಜಾವಾದಲ್ಲಿ ಬೆಳೆಯುವ ಅರೇಯ ಕೆಲಸಕ್ಕಿದ್ದದ್ದು ವೆಕ್ಟರ್. ಹತ್ತು ಮನೆಗಳಿಂದ ಶುರು, ತುಂಬಿದಾಗಲೆಲ್ಲ ಎರಡು ಪಟ್ಟು. ಅದರ ಬಹಳಷ್ಟು ಮೆಥಡ್‌ಗಳಿಗೆ ಬೀಗ ಇತ್ತು, ಪ್ರೋಗ್ರಾಮಿನಲ್ಲಿ ಏಕಕಾಲಕ್ಕೆ ಓಡುವ ಎಳೆಗಳಲ್ಲಿ ಒಂದು ಸಲಕ್ಕೆ ಒಂದೇ ಎಳೆ (ಥ್ರೆಡ್) ಒಳಗೆ ಹೋಗಬಹುದು. ಒಬ್ಬರೇ ಬಳಸುವಾಗಲೂ ಬೀಗ ಹಾಕಿ ತೆಗೆಯುವ ದಂಡ ತಪ್ಪುತ್ತಿರಲಿಲ್ಲ. ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿದ್ದ ಜೋಶುವಾ ಬ್ಲಾಕ್ ರೂಪಿಸಿದ ಕಲೆಕ್ಷನ್ಸ್ ಚೌಕಟ್ಟು 1998ರ ಡಿಸೆಂಬರಿನಲ್ಲಿ ಜಾವಾ 1.2 ಜೊತೆ ಬಂತು. ಬೀಗವಿಲ್ಲದ ಅರೇಲಿಸ್ಟ್ ಅದರಲ್ಲಿತ್ತು. ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಹುಟ್ಟಿದ್ದೂ ಅದೇ ವರ್ಷ. ಹಳೆಯ ವಿಶ್ವವಿದ್ಯಾಲಯಗಳಿಂದ ಹೊಸದಕ್ಕೆ ಕಾಲೇಜುಗಳು ಸೇರುತ್ತಿದ್ದ ಆ ಗಲಿಬಿಲಿಯಲ್ಲಿ ನಾನು ಜಾವಾ ಓದಿಕೊಂಡೆ, ವಿದ್ಯಾರ್ಥಿಗಳಿಗಿಂತ ಒಂದು ಪಾಠದಷ್ಟು ಮುಂದೆ ಇದ್ದರೆ ಸಾಕು ಎಂಬ ಲೆಕ್ಕದಲ್ಲಿ.

ಅರೇಲಿಸ್ಟಿನ ಒಳಗಿರುವುದು ಮುಖ್ಯವಾಗಿ ಎರಡೇ. ಒಂದು ಸಾಧಾರಣ ಅರೇ. ಇನ್ನೊಂದು, ಅದರಲ್ಲಿ ಎಷ್ಟು ಮನೆ ತುಂಬಿದೆ ಎಂದು ಹೇಳುವ ಸೈಜ್ ಎಂಬ ಅಂಕಿ. ಅರೇಯ ಒಟ್ಟು ಉದ್ದ ಕೆಪ್ಯಾಸಿಟಿ. ಸೈಜ್ ಹೊರಗಿನವರಿಗೆ ಕಾಣುತ್ತದೆ, ಕೆಪ್ಯಾಸಿಟಿ ಕಾಣುವುದಿಲ್ಲ. ಹೊಸದನ್ನು ಸೇರಿಸು ಎಂದಾಗ ಎರಡೂ ಸಮವಾಗಿವೆಯೇ ಎಂದು ನೋಡುತ್ತದೆ. ಇನ್ನೂ ಜಾಗ ಇದ್ದರೆ ಖಾಲಿ ಮನೆಯಲ್ಲಿಟ್ಟು ಸೈಜನ್ನು ಒಂದು ಹೆಚ್ಚಿಸುತ್ತದೆ. ಜಾಗ ಇಲ್ಲದಿದ್ದರೆ ಒಂದೂವರೆ ಪಟ್ಟು ಉದ್ದದ ಹೊಸ ಅರೇ ಪಡೆದು, ಹಳೆಯದನ್ನೆಲ್ಲ ನಕಲು ಮಾಡಿ, ಹಳೆಯ ಅರೇಯನ್ನು ಕೈಬಿಡುತ್ತದೆ. ನಕಲಾಗುವುದು ವಸ್ತುಗಳಲ್ಲ, ಅವುಗಳ ವಿಳಾಸಗಳು ಮಾತ್ರ. ವಿದ್ಯಾರ್ಥಿಗಳ ಪಟ್ಟಿಯಾದರೆ ಅವರ ಹೆಸರು, ಅಂಕಪಟ್ಟಿ ಎಲ್ಲ ಇದ್ದಲ್ಲೇ ಇರುತ್ತವೆ. ವಿಳಾಸದ ಸಾಲು ಮಾತ್ರ ಜಾಗ ಬದಲಿಸುತ್ತದೆ.

ಒಂದೂವರೆ ಪಟ್ಟು ಏಕೆ, ಹತ್ತು ಹತ್ತು ಮನೆ ಸೇರಿಸುತ್ತಾ ಹೋದರೆ ಜಾಗವೂ ಉಳಿಯುತ್ತದಲ್ಲ ಎಂದು ಜಾಣ ವಿದ್ಯಾರ್ಥಿಗಳು ಕೇಳುತ್ತಿದ್ದರು. ನಮ್ಮ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರುವವರು ವರ್ಷಕ್ಕೆ ಸುಮಾರು ಎಂಟು ಲಕ್ಷ ಎಂದಿಟ್ಟುಕೊಂಡು ಬೋರ್ಡಿನ ಮೇಲೆ ಲೆಕ್ಕ ಹಾಕಿಸುತ್ತಿದ್ದೆ. ಅಷ್ಟೂ ಜನರನ್ನು ಒಬ್ಬೊಬ್ಬರಾಗಿ ಪಟ್ಟಿಗೆ ಸೇರಿಸಬೇಕು. ಹತ್ತರಿಂದ ಶುರುಮಾಡಿ ಒಂದೂವರೆ ಪಟ್ಟಿನಂತೆ ಹೋದರೆ 15, 22, 33, 49, 73, 109 ಎಂದು ಮೊದಲು ಕುಂಟುತ್ತಾ, ಆಮೇಲೆ ದಾಪುಗಾಲು ಹಾಕುತ್ತಾ, ಇಪ್ಪತ್ತೆಂಟನೆಯ ಬೆಳವಣಿಗೆಗೆ 8,10,325 ಮನೆಗಳಾಗುತ್ತವೆ. ಅಲ್ಲಿಯವರೆಗೆ ನಕಲಾದ ವಿಳಾಸಗಳು ಒಟ್ಟು 16 ಲಕ್ಷ 20 ಸಾವಿರದಷ್ಟು, ಅಂದರೆ ತಲೆಗೆ ಎರಡು. ಅದೇ ಹತ್ತು ಹತ್ತಾಗಿ ಬೆಳೆಸಿದರೆ? ಎಂಬತ್ತು ಸಾವಿರಕ್ಕೆ ಒಂದೇ ಕಡಿಮೆ ಸಲ ಬೆಳೆಯಬೇಕು, ಪ್ರತಿ ಸಲವೂ ಅದುವರೆಗಿನದನ್ನೆಲ್ಲ ನಕಲು ಮಾಡಬೇಕು. ಒಟ್ಟು ನಕಲು 3,200 ಕೋಟಿಗೆ ಸ್ವಲ್ಪ ಕಡಿಮೆ. ತಲೆಗೆ ನಲವತ್ತು ಸಾವಿರ. ಉತ್ತರ ಬಂದಾಗ ಕ್ಲಾಸಿನಲ್ಲಿ ಒಂದು ಗುಸುಗುಸು ಏಳುತ್ತಿತ್ತು. ಇದ್ದದ್ದರ ಪ್ರಮಾಣಕ್ಕೆ ತಕ್ಕಂತೆ ಬೆಳೆಯಬೇಕು, ದೊಡ್ಡದಾದದ್ದಕ್ಕೆ ದೊಡ್ಡ ಪಾಲು ಸಿಗಬೇಕು ಎಂಬುದಕ್ಕೆ ಅಂಕಿಗಳ ಸಾಕ್ಷಿ ಇದು.

ಪ್ರಮಾಣ ಎಷ್ಟಿರಬೇಕು ಎಂಬುದರಲ್ಲಿ ಒಮ್ಮತವಿಲ್ಲ. ಗ್ನೂ ಸಿ++ ಲೈಬ್ರರಿಯಲ್ಲಿ ಎರಡು ಪಟ್ಟು, ಮೈಕ್ರೋಸಾಫ್ಟಿನ ಸಿ++ನಲ್ಲಿ ಒಂದೂವರೆ, ಫೇಸ್‌ಬುಕ್ ತನಗಾಗಿ ಬರೆದುಕೊಂಡ ವೆಕ್ಟರಿನಲ್ಲೂ ಒಂದೂವರೆ. ಸಿ-ಶಾರ್ಪ್‌ನ ಲಿಸ್ಟ್ ನಾಲ್ಕರಿಂದ ಶುರುವಾಗಿ ದುಪ್ಪಟ್ಟಾಗುತ್ತದೆ. ಪೈಥಾನ್ ಕೈಬಿಗಿ, ಸುಮಾರು ಎಂಟನೆಯ ಒಂದು ಭಾಗದಷ್ಟೇ ಹೆಚ್ಚುವರಿ ಇಡುತ್ತದೆ. 0, 4, 8, 16, 25, 35, 46, 58, 72, 88 ಎಂಬುದು ಅಲ್ಲಿ ಬಹುಕಾಲ ನಡೆದ ಕ್ರಮ. ಒಂದೂವರೆಯ ಪಕ್ಷದವರ ವಾದ ಸೊಗಸಾಗಿದೆ. ದುಪ್ಪಟ್ಟಿನಲ್ಲಿ 10, 20, 40, 80 ದಾಟಿ 160 ಬೇಕಾಗಿದೆ ಎನ್ನಿ. 80 ಇನ್ನೂ ಬಳಕೆಯಲ್ಲಿದೆ. ಬಿಟ್ಟುಬಂದ ಹಳೆಯ ಜಾಗಗಳು ಅಕ್ಕಪಕ್ಕವೇ ಇವೆ ಎಂದುಕೊಂಡರೂ ಒಟ್ಟು 70; ಸಾಲದು. ಎಷ್ಟೇ ಮುಂದೆ ಹೋದರೂ ಸಾಲದು. ಒಂದೂವರೆಯಲ್ಲಿ 10, 15, 22, 33 ಬಿಟ್ಟುಬಂದು, 49ರಲ್ಲಿ ಇದ್ದು, 73 ಬೇಕಾದಾಗ ಹಿಂದೆ ಬಿಟ್ಟದ್ದೆಲ್ಲ ಸೇರಿ 80. ಹಳೆಯ ಜಾಗದಲ್ಲೇ ಹೊಸ ಅರೇ ಕೂರುತ್ತದೆ. ಸುವರ್ಣ ಅನುಪಾತ ಎನ್ನುವ 1.618ಕ್ಕಿಂತ ಕಡಿಮೆ ಪ್ರಮಾಣ ಇದ್ದರೆ ಎಂದಾದರೊಂದು ದಿನ ಹೀಗಾಗುತ್ತದೆ, ಹೆಚ್ಚಿದ್ದರೆ ಎಂದಿಗೂ ಆಗುವುದಿಲ್ಲ. ಬೇಡವಾದ ಜಾಗವನ್ನು ಬಿಡಿಸಿಕೊಳ್ಳುವ ಗಾರ್ಬೇಜ್ ಕಲೆಕ್ಟರ್ ಆಬ್ಜೆಕ್ಟ್‌ಗಳನ್ನು ತಾನೇ ಎತ್ತಿ ಜೋಡಿಸುವ ಜಾವಾದಲ್ಲಿ ಈ ವಾದಕ್ಕೆ ಅಷ್ಟು ತೂಕವಿಲ್ಲ. ಅಲ್ಲಿ ಒಂದೂವರೆಯ ಲಾಭ ಎಂದರೆ ಖಾಲಿ ಬೀಳುವ ಮನೆಗಳು ಕಡಿಮೆ.

ಕುಗ್ಗುವ ವಿಷಯಕ್ಕೆ ಬಂದರೆ ಅರೇಲಿಸ್ಟ್ ಹಠಮಾರಿ. ಎಂಟು ಲಕ್ಷ ತುಂಬಿ ಎಲ್ಲವನ್ನೂ ತೆಗೆದುಹಾಕಿದರೂ ಒಳಗಿನ ಅರೇ ಅಷ್ಟೇ ಉದ್ದ ಇರುತ್ತದೆ. ಟ್ರಿಮ್ ಮಾಡು ಎಂದು ನಾವಾಗಿ ಹೇಳಿದರೆ ಮಾತ್ರ ಕುಗ್ಗುತ್ತದೆ. ಅರ್ಧ ಖಾಲಿಯಾದ ಕೂಡಲೇ ಕುಗ್ಗುವ ದುಪ್ಪಟ್ಟಿನ ಅರೇ ಬರೆದರೆ, ಗಡಿಯಲ್ಲಿ ಒಂದು ಹಾಕಿ ಒಂದು ತೆಗೆಯುವವನು ಪ್ರತಿ ಸಲವೂ ಪೂರ್ತಿ ನಕಲಿನ ದಂಡ ಕಟ್ಟಬೇಕಾಗುತ್ತದೆ. ಅದಕ್ಕೆಂದೇ ಪಠ್ಯಪುಸ್ತಕಗಳು ಕಾಲುಭಾಗಕ್ಕೆ ಇಳಿದ ಮೇಲಷ್ಟೇ ಕುಗ್ಗಿಸಿ ಎನ್ನುತ್ತವೆ. ನಡುವಿನಿಂದ ಒಂದನ್ನು ತೆಗೆದರೆ ಅದರ ಬಲಕ್ಕಿದ್ದ ಎಲ್ಲವೂ ಒಂದೊಂದು ಮನೆ ಎಡಕ್ಕೆ ಸರಿಯಬೇಕು. ಕೊನೆಯ ಮನೆಯಲ್ಲಿ ಹಳೆಯ ವಿಳಾಸ ಉಳಿಯಬಾರದೆಂದು ಅಲ್ಲಿ ನಲ್, ಅಂದರೆ ಏನೂ ಇಲ್ಲ ಎಂಬ ಗುರುತು, ಇಡುತ್ತದೆ. ಇಡದಿದ್ದರೆ ಗಾರ್ಬೇಜ್ ಕಲೆಕ್ಟರ್ ಆ ವಸ್ತು ಇನ್ನೂ ಬೇಕಾಗಿದೆ ಎಂದೇ ತಿಳಿಯುತ್ತದೆ. ಇಷ್ಟೆಲ್ಲ ಸರಿಸುವ ಶ್ರಮ ಇದ್ದೂ ಲಿಂಕ್ಡ್‌ಲಿಸ್ಟ್‌ಗಿಂತ ಅರೇಲಿಸ್ಟೇ ಗೆದ್ದಿತು. ಇಂದಿನ ಪ್ರೊಸೆಸರ್‌ಗಳು ಸಾಲಾಗಿರುವುದನ್ನು ಓದುವುದರಲ್ಲಿ ಬಹಳ ಚುರುಕು. ಜಾವಾದ ಲಿಂಕ್ಡ್‌ಲಿಸ್ಟನ್ನು ಬರೆದ ಬ್ಲಾಕ್ ಅವರೇ ಅದನ್ನು ತಾನು ಬಳಸುವುದಿಲ್ಲ ಎಂದು ಒಮ್ಮೆ ಹೇಳಿಕೊಂಡಿದ್ದಾರೆ.

ಪ್ರೋಗ್ರಾಮರನ ಹೆಗಲಿನಿಂದ ಇಳಿದ ಪ್ರಶ್ನೆ ಲೈಬ್ರರಿ ಬರೆದವರನ್ನು ಸುಮ್ಮನೆ ಬಿಡಲಿಲ್ಲ. ಜಾವಾ 6ರವರೆಗೂ ಹೊಸ ಉದ್ದದ ಲೆಕ್ಕ ಹೀಗಿತ್ತು: ಹಳೆಯದನ್ನು ಮೂರರಿಂದ ಗುಣಿಸಿ, ಎರಡರಿಂದ ಭಾಗಿಸಿ, ಒಂದು ಕೂಡಿಸು. ನೋಡಲು ನಿರಪರಾಧಿ. ಆದರೆ ಜಾವಾದಲ್ಲಿ ಪೂರ್ಣಾಂಕಕ್ಕಿರುವ ಇಂಟ್ ಎಂಬ ಜಾತಿ ಹಿಡಿಯಬಲ್ಲ ಅತಿ ದೊಡ್ಡ ಸಂಖ್ಯೆ 214 ಕೋಟಿ ಚಿಲ್ಲರೆ. ಹಳೆಯ ಉದ್ದ 71,58,27,882 ದಾಟಿದರೆ ಮೂರರ ಗುಣಾಕಾರ ಆ ಮಿತಿಯನ್ನು ಮೀರಿ ಋಣಸಂಖ್ಯೆಯಾಗಿಬಿಡುತ್ತದೆ. ಎಪ್ಪತ್ತೊಂದು ಕೋಟಿ ವಸ್ತುಗಳ ಪಟ್ಟಿಯನ್ನು 1998ರಲ್ಲಿ ಯಾರು ಊಹಿಸಿದ್ದರು? ಮೆಮೊರಿ ಅಗ್ಗವಾಯಿತು, ದತ್ತಾಂಶ ದಪ್ಪಗಾಯಿತು, ಊಹಿಸದಿದ್ದದ್ದು ಎದುರಿಗೆ ಬಂತು. ಜಾವಾ 7ರಲ್ಲಿ ಲೆಕ್ಕ ಬದಲಾಯಿತು: ಹಳೆಯದಕ್ಕೆ ಅದರ ಅರ್ಧವನ್ನು ಕೂಡಿಸು, ಮಿತಿ ಮೀರಿತೇ ಎಂದು ನೋಡು. ಇದೇ ಕುಲದ ಇನ್ನೊಂದು ದೋಷ ಜಾವಾದ ಬೈನರಿ ಸರ್ಚ್‌ನಲ್ಲಿ ಸುಮಾರು ಒಂಬತ್ತು ವರ್ಷ ಅಡಗಿತ್ತು. ಮಧ್ಯದ ಮನೆ ಹುಡುಕಲು ಎರಡು ತುದಿಗಳನ್ನು ಕೂಡಿಸಿ ಅರ್ಧ ಮಾಡುವಾಗ ಮೊತ್ತವೇ ಉಕ್ಕುತ್ತಿತ್ತು. ಆ ಕೋಡ್ ಬರೆದ ಬ್ಲಾಕ್ 2006ರಲ್ಲಿ ತಾವೇ ಅದನ್ನು ಲೋಕಕ್ಕೆ ತಿಳಿಸಿದರು. ನೂರು ಸಾಕು ಎಂದ ನಮಗೂ 214 ಕೋಟಿ ಸಾಕು ಎಂದವರಿಗೂ ವ್ಯತ್ಯಾಸ ಇರುವುದು ಸೊನ್ನೆಗಳಲ್ಲಿ ಮಾತ್ರ.

ಆಮೇಲಿನ ತಿದ್ದುಪಡಿ ಇದಕ್ಕೆ ಉಲ್ಟಾ ದಿಕ್ಕಿನದು. ಮೊದಲೆಲ್ಲ ಅರೇಲಿಸ್ಟ್ ಹುಟ್ಟಿದ ಕೂಡಲೇ ಹತ್ತು ಮನೆ ಹಿಡಿದಿಡುತ್ತಿತ್ತು. ದೊಡ್ಡ ಪ್ರೋಗ್ರಾಂಗಳಲ್ಲಿ ಪಟ್ಟಿಗಳನ್ನು ರಾಶಿರಾಶಿಯಾಗಿ ಸೃಷ್ಟಿಸಲಾಗುತ್ತದೆ, ಅವುಗಳಲ್ಲಿ ಎಷ್ಟೋ ಕೊನೆಯವರೆಗೂ ಖಾಲಿಯೇ ಉಳಿಯುತ್ತವೆ. ಜಾವಾ 8ರ ಹೊತ್ತಿಗೆ, ಮೊದಲ ವಸ್ತು ಬರುವವರೆಗೆ ಒಂದು ಮನೆಯನ್ನೂ ಹಿಡಿಯದೆ, ಎಲ್ಲ ಖಾಲಿ ಪಟ್ಟಿಗಳೂ ಒಂದೇ ಸೊನ್ನೆ ಉದ್ದದ ಅರೇಯನ್ನು ಹಂಚಿಕೊಳ್ಳುವ ಏರ್ಪಾಡು ಬಂತು. ಎಷ್ಟು ಬೇಕಾದೀತು ಎಂಬ ಪ್ರಶ್ನೆ, ಏನಾದರೂ ಬೇಕಾದೀತೇ ಎಂಬ ಪ್ರಶ್ನೆಯಾಗಿ ತಿರುಗಿತು.

ಹಾಗೆಂದು ಪ್ರೋಗ್ರಾಮರ್ ಕೈತೊಳೆದುಕೊಂಡ ಎಂದು ನಾನು ಒಪ್ಪುವುದಿಲ್ಲ. ಅರೇಲಿಸ್ಟ್ ಮಾಡುವಾಗ ಆವರಣದೊಳಗೆ ಒಂದು ಸಂಖ್ಯೆ ಬರೆಯಲು ಬ್ಲಾಕ್ ಜಾಗ ಬಿಟ್ಟಿದ್ದಾರೆ; ಸಿ++ನ ವೆಕ್ಟರಿನಲ್ಲಿ ಅದೇ ಕೆಲಸಕ್ಕೆ ರಿಸರ್ವ್ ಇದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ನೋಂದಾಯಿಸಿದವರು ಎಷ್ಟು ಎಂದು ಪರೀಕ್ಷಾ ಮಂಡಳಿಗೆ ಮೊದಲೇ ಗೊತ್ತಿರುತ್ತದೆ. ಆ ಸಂಖ್ಯೆಯನ್ನು ಆವರಣದಲ್ಲಿ ಬರೆದರೆ ಇಪ್ಪತ್ತೆಂಟು ಬೆಳವಣಿಗೆಗಳಲ್ಲಿ ಒಂದೂ ನಡೆಯುವುದಿಲ್ಲ, ಹದಿನಾರು ಲಕ್ಷ ನಕಲುಗಳಲ್ಲಿ ಒಂದೂ ಉಳಿಯುವುದಿಲ್ಲ. ಯಾರಿಗೂ ಉತ್ತರ ಗೊತ್ತಿಲ್ಲದಾಗ ಊಹಿಸುವ ಕೆಲಸ ಲೈಬ್ರರಿಯದು; ಆ ಊಹೆಯನ್ನು ಅರವತ್ತು ವರ್ಷಗಳಲ್ಲಿ ಬಹಳ ಜನ ಸೇರಿ ತಿದ್ದಿ ಹದಗೊಳಿಸಿದ್ದಾರೆ. ಉತ್ತರ ಗೊತ್ತಿದ್ದೂ ಹೇಳದಿರುವವನಿಗೆ ಮಾತ್ರ, ನಾನು ಮೌಲ್ಯಮಾಪನಕ್ಕೆ ಕೂತಿದ್ದರೆ, ಒಂದು ಅಂಕ ಕಡಿಮೆ ಕೊಡುತ್ತೇನೆ.